ಮರಳಿ ತರುವ ವ್ಯವಸ್ಥೆ

ತಿಕೋಟಾದ ಪರಸಪ್ಪ ಒಂದು ಕಡೆ ಕೂಡುವ ಜೀವವಲ್ಲ. ಮಾತಾಡುವಾಗ ನಿಂತೇ ಇರುತ್ತಿದ್ದ. ನಿಂತರೂ ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕುತ್ತಲೇ ಇರುತ್ತಿದ್ದ. ಉಣ್ಣಲು ಕೂತವನು ಅರ್ಧ ರೊಟ್ಟಿಗೆ ಎದ್ದು ಬಾಗಿಲತನಕ ಹೋಗಿ ಬರುತ್ತಾನೆಂದು ಅವನ ಹೆಂಡತಿ ಸೀತವ್ವ ಓಣಿಯವರ ಮುಂದೆ ಗೊಣಗುತ್ತಿದ್ದಳು. ಇಂಥವನನ್ನು ಊರು ಎರಡು ವರ್ಷ ಒಂದೇ ಜಾಗದಲ್ಲಿ ಕೂಡಿಸಿತ್ತು, ಪಂಚಾಯಿತಿ ಕಟ್ಟೆಯ ಮೇಲೆ, ರೇಡಿಯೋದ ಮುಂದೆ. ಆ ಜಾಗ ಅವನಿಗೆ ಹೇಗೆ ಸಿಕ್ಕಿತು, ಹೇಗೆ ಹೋಯಿತು ಎಂದು ಬರೆಯಬೇಕಾದವನು ನಾನೇ, ಏಕೆಂದರೆ ಅದನ್ನು ಕಿತ್ತುಕೊಂಡ ಠರಾವು ನನ್ನ ಕೈಬರಹದಲ್ಲಿದೆ.

ನಾನು ಬಸಲಿಂಗಯ್ಯ, ಆಗ ಆ ಪಂಚಾಯಿತಿಯ ಸೆಕ್ರೆಟರಿ. ಸಿಟ್ಟು ಮೂಗಿನ ತುದಿಯಲ್ಲಿ, ಕೆಲಸ ಮಾತ್ರ ನಾಳೆಗೆ. ಈಗಲೂ ಹಾಗೇ ಇದ್ದೇನೆ, ಹೆಂಡತಿಯನ್ನು ಕೇಳಬಹುದು.

ರೇಡಿಯೋ ಬಂದದ್ದು ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ. ಊರಿಗೆ ಕರೆಂಟು ಇರಲಿಲ್ಲ. ಲಾರಿಗಿರುವಂಥ ಆಸಿಡ್ ತುಂಬಿದ ಬ್ಯಾಟರಿಯೊಂದು ಅದರ ಜೊತೆ ಬಂದಿತ್ತು. ಹತ್ತು ಹನ್ನೆರಡು ದಿನಕ್ಕೊಮ್ಮೆ ಅದನ್ನು ಬಸ್ಸಿನಲ್ಲಿ ವಿಜಾಪುರಕ್ಕೆ ಒಯ್ದು ಚಾರ್ಜ್ ಮಾಡಿಸಿ ತರಬೇಕು. ಈಗಿನವರು ವಿಜಯಪುರ ಅನ್ನುವ ಊರೇ ಅದು. ಬ್ಯಾಟರಿ ಹೊರಲು ಊರಿನ ದೊಡ್ಡ ಮನೆಗಳಿಂದ ಯಾರೂ ಮುಂದೆ ಬರಲಿಲ್ಲ. ಆಸಿಡ್ ತುಳುಕಿದರೆ ಧೋತರ ತೂತಾಗುತ್ತಿತ್ತು. ಹೊರಗಿನ ಓಣಿಯ ಪರಸಪ್ಪ ಮುಲ್ಕಿ, ಅಂದರೆ ಏಳನೆಯ ಇಯತ್ತೆ, ಪಾಸಾದವನು, ಮೈಗಟ್ಟಿ ಬೇರೆ. ಅವನಿಗೆ ಕೊಟ್ಟರು. ಆದರೆ ಬ್ಯಾಟರಿ ಹೊತ್ತು ತಂದವನೇ ತಂತಿ ಕೂಡಿಸಬೇಕು, ಗುಂಡಿ ತಿರುವಬೇಕು, ಅದಕ್ಕೆ ಕಟ್ಟೆ ಹತ್ತಲೇಬೇಕು. ಆ ಓಣಿಯವರು ಅಲ್ಲಿಯತನಕ ಕಟ್ಟೆಯ ಕೆಳಗೆ ನಿಂತು ಮಾತಾಡಿಸಿಕೊಂಡು ಹೋಗುವವರು. ಈ ಸಂಗತಿ ಹಿರಿಯರ ತಲೆಗೆ ಹೊಳೆಯುವಷ್ಟರಲ್ಲಿ ಪರಸಪ್ಪ ಮೇಲೆ ಕೂತು ಬಿಟ್ಟಿದ್ದ.

ಕೂತವನು ಊರಿಗೆ ಇನ್ನೊಂದು ರುಚಿ ಹಚ್ಚಿದ. ದಿಲ್ಲಿಯಿಂದ ಬರುವ ಕನ್ನಡ ವಾರ್ತೆ ನಮ್ಮವರಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಪುರಾಣವಾಗುತ್ತಿತ್ತು. ವಾರ್ತೆ ಮುಗಿದ ಮೇಲೆ ಅವನು ಎದ್ದು ನಿಂತು, ಕೇಳಿದ್ದನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಂದಿ ರೇಡಿಯೋ ಕೇಳಲು ಬರುತ್ತಿದ್ದರು ಅನ್ನುವುದಕ್ಕಿಂತ ಪರಸಪ್ಪನನ್ನು ಕೇಳಲು ಬರುತ್ತಿದ್ದರು ಅನ್ನುವುದೇ ಸರಿ. ಆದರೂ ಅವನು ಎಲ್ಲರ ಬಾಯಲ್ಲಿ ಪರ್ಶ್ಯಾ. ನನ್ನ ಬಾಯಲ್ಲೂ ಪರ್ಶ್ಯಾನೇ.

ಐವತ್ತೇಳನೆಯ ಇಸವಿಯ ಅಕ್ಟೋಬರದಲ್ಲಿ ರಶಿಯಾದವರು ಆಕಾಶಕ್ಕೆ ಒಂದು ಗುಂಡು ಹಾರಿಸಿದರು, ಅದು ಭೂಮಿಯನ್ನು ಸುತ್ತತೊಡಗಿತು. ಅಮೆರಿಕದವರು ಹಿಂದೆ ಬಿದ್ದರು. ಆ ಎರಡು ದೇಶಗಳ ಜಿದ್ದು ನಮ್ಮ ಕಟ್ಟೆಗೂ ಬಂತು. ಟೇಲರ್ ಮಲ್ಲಿಕಸಾಬ ರಶಿಯಾದ ಕಡೆ. ಯಾರೋ ಕಳಿಸುವ ರಶಿಯಾದ ಬಣ್ಣದ ಪತ್ರಿಕೆ ಅವನ ಅಂಗಡಿಗೆ ಪುಕ್ಕಟೆ ಬರುತ್ತಿತ್ತು. ಕಿರಾಣಿ ಅಂಗಡಿಯ ಶಂಕರೆಪ್ಪ ಅಮೆರಿಕದ ಕಡೆ. ಅವನಿಗೆ ಕಾರಣ ಬೇಕಿರಲಿಲ್ಲ, ಮಲ್ಲಿಕಸಾಬ ಆ ಕಡೆ ಇದ್ದಾನೆಂಬುದೇ ಸಾಕಿತ್ತು. ಇಬ್ಬರಿಗೂ ಮೀಸೆಯೆಂದರೆ ಪ್ರಾಣ.

ನವೆಂಬರದಲ್ಲಿ ರಶಿಯಾ ಇನ್ನೊಂದನ್ನು ಹಾರಿಸಿತು. ಈ ಸಲ ಒಳಗೆ ನಾಯಿ.

ಊರು ಅಲ್ಲಾಡಿ ಹೋಯಿತು. ಗುಂಡು ಸುತ್ತಿದರೆ ಯಾರಿಗೇನು? ಇದು ಜೀವ. ಸೀತವ್ವನ ಮೊದಲ ಪ್ರಶ್ನೆ, "ಅದಕ್ಕ ರೊಟ್ಟಿ ಯಾರ ಹಾಕ್ತಾರ?" ಎಂಬುದಾಗಿತ್ತಂತೆ. ಎರಡನೆಯ ಪ್ರಶ್ನೆ ಇಡೀ ಊರಿನದು, ಅದು ತಿರುಗಿ ಬರುವುದು ಯಾವಾಗ? ಹೊತ್ತು ಮುಳುಗಿದರೆ ಸಾಕು, ಹೆಣ್ಣುಮಕ್ಕಳು ಗಂಡುಮಕ್ಕಳು ಅನ್ನದೆ ಎಲ್ಲರ ಕತ್ತೂ ಮೇಲೆ. ಶಂಕರೆಪ್ಪ, "ಬರೂದಿಲ್ಲ, ಅಲ್ಲೇ ಸಾಯ್ತದ" ಅಂದ. ಮಲ್ಲಿಕಸಾಬ, "ಬಂದ ಬರ್ತದ" ಅಂದ. ಮಾತಿಗೆ ಮಾತು ಬೆಳೆದು ಮೀಸೆಯ ಪಣಕ್ಕೆ ಹೋಯಿತು. ನಾಯಿ ಬಂದರೆ ಶಂಕರೆಪ್ಪನ ಮೀಸೆ ಹೋಗಬೇಕು, ಬರದಿದ್ದರೆ ಮಲ್ಲಿಕಸಾಬನದು. ತೀರ್ಪು ಯಾರದು ಅಂದರೆ, ಪರ್ಶ್ಯಾ ಕೇಳಿ ಹೇಳಲಿ.

ಅದೇ ವಾರ ನನ್ನ ಹೆಂಡತಿಯ ತಂಗಿಗೆ ಗಂಡು ಗೊತ್ತುಮಾಡುವ ಮಾತುಕತೆ, ಬಬಲೇಶ್ವರದ ಮಾವನ ಮನೆಯಲ್ಲಿ. ಬ್ಯಾಟರಿ ಚಾರ್ಜಿಗೆ ಕಳಿಸಬೇಕಾದರೆ ನಾನು ಚೀಟಿ ಬರೆದು ಸಹಿ ಮಾಡಬೇಕು, ಅದು ಕಾನೂನು. ಪರಸಪ್ಪ ಎರಡು ಸಲ ಬಂದ. ಎರಡನೆಯ ಸಲ ನಾನು ಬಸ್ಸಿಗೆ ಹೊರಟು ಮೆಟ್ಟು ಹಾಕಿಕೊಳ್ಳುತ್ತಿದ್ದೆ.

"ಅಯ್ಯಾರ, ಬ್ಯಾಟರಿ ಇಳ್ಯಾಕತ್ತೈತ್ರಿ. ದನಿ ಸಣ್ಣಾಗೈತಿ. ಚೀಟಿ ಒಂದ ಬರದ ಕೊಟ್ಟ ಹೋಗ್ರಿ."

"ನಾಲ್ಕ ದಿನದಾಗ ಏನ ಮುಳಗ್ತದಲೇ? ಬಂದ ಮ್ಯಾಲ ನೋಡೂಣ ಹೋಗ."

ನಾಲ್ಕು ದಿನಕ್ಕೆಂದು ಹೋದವನು ಎಂಟು ದಿನ ಕೂತೆ. ಹೋಳಿಗೆ ಚೆನ್ನಾಗಿದ್ದವು.

ನಾನು ಹೋದ ಮರುದಿನದ ಸಂಜೆ ಕಟ್ಟೆಯ ಸುತ್ತ ನಿಲ್ಲಲು ಜಾಗವಿರಲಿಲ್ಲವಂತೆ. ಪರಸಪ್ಪ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದ. ದನಿ ಅಷ್ಟು ಸಣ್ಣಗಾಗಿತ್ತು. ನಾಯಿಯ ಸುದ್ದಿ ಬಂತು. "ನಾಯಿಯನ್ನು ಜೀವಂತವಾಗಿ ಭೂಮಿಗೆ ಮರಳಿ ತರುವ ವ್ಯವಸ್ಥೆ" ಅನ್ನುವತನಕ ಕೇಳಿತು. ಅಷ್ಟಕ್ಕೆ ಬ್ಯಾಟರಿ ಸತ್ತಿತು.

ನಮ್ಮ ಭಾಷೆಯ ಹಣೆಬರಹ ನೋಡಿ. ಇದೆಯೋ ಇಲ್ಲವೋ ಅನ್ನುವುದನ್ನು ನಾವು ವಾಕ್ಯದ ಬಾಲಕ್ಕೆ ಕಟ್ಟುತ್ತೇವೆ. ಬಾಲ ತುಂಡಾದರೆ ಉಳಿದದ್ದೆಲ್ಲ ಕೈಯಲ್ಲಿದ್ದೂ ಏನೂ ಕೈಯಲ್ಲಿಲ್ಲ. ಇನ್ನೂರು ಮಂದಿ ಬಾಯಿ ತೆರೆದು ಪರಸಪ್ಪನ ಮುಖ ನೋಡುತ್ತಿದ್ದರು. "ಏನಂದ್ರೋ ಪರ್ಶ್ಯಾ?" ಎಂದು ಒಬ್ಬರ ಮೇಲೊಬ್ಬರು ಕೇಳಿದರು. ಅವನು ಎದ್ದು ನಿಂತು, "ಮರಳಿ ತರೂ ವ್ಯವಸ್ಥಾ ಮಾಡ್ಯಾರಂತ" ಎಂದ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವನ ತಲೆಗೆ ಆ ವಾಕ್ಯಕ್ಕೆ ಬೇರೆ ಬಾಲ ಹೊಳೆಯಲೇ ಇಲ್ಲ. ಅವರ ಮನೆತನದ್ದು ಬಾವಿ ತೋಡುವ ಕೆಲಸ. ಅವರಲ್ಲಿ ಒಂದು ರೀತಿಯಿದೆ. ಬಾವಿಗಿಳಿಯುವವನು ದಂಡೆಯಿಂದ ಕಾಲು ತೆಗೆಯುವ ಮುಂಚೆ "ಹಗ್ಗ?" ಎಂದು ಕೇಳುತ್ತಾನೆ. ಮೇಲೆ ಹಗ್ಗ ಹಿಡಿದವನು "ಕೈಯಾಗೈತಿ" ಅನ್ನಬೇಕು. ಆ ಉತ್ತರ ಬರದಿದ್ದರೆ ಹೊಲದ ಧಣಿ ಬಂದು ಕೂಗಾಡಿದರೂ ಇಳಿಯುವುದಿಲ್ಲ. ಏರುವಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ಹಗ್ಗವಿಲ್ಲದೆ ಒಂದು ಜೀವವನ್ನು ಯಾರಾದರೂ ಕಳಿಸಿಯಾರೇ? ಅದೂ ರಶಿಯಾದಂಥ ದೊಡ್ಡ ದೇಶದವರು? ಅವನಿಗೆ ಅನುಮಾನವೇ ಬರಲಿಲ್ಲ.

ಎಂಟು ದಿನದ ನಂತರ ಬಂದು ನಾನು ಚೀಟಿ ಬರೆದೆ. ಊರಿಡೀ ನಾಯಿಯ ದಾರಿ ಕಾಯುತ್ತಿತ್ತು. ಶಂಕರೆಪ್ಪ ಕನ್ನಡಿ ನೋಡುವುದನ್ನು ಬಿಟ್ಟಿದ್ದ. ಪರಸಪ್ಪ ಬ್ಯಾಟರಿಯನ್ನು ವಿಜಾಪುರದ ಅಂಗಡಿಗೆ ಕೊಟ್ಟ. ಚಾರ್ಜಾಗಲು ಎರಡು ದಿನ ಬೇಕು. ಒಂದೇ ಕಡೆ ಕೂಡುವವನಲ್ಲವಲ್ಲ, ಅಲೆಯುತ್ತ ಒಂದು ವಾಚನಾಲಯಕ್ಕೆ ಹೊಕ್ಕ. ಅಲ್ಲಿ ವಾರದ ಹಿಂದಿನ ಪೇಪರು ಸಿಕ್ಕಿತು. ಅದೇ ವಾಕ್ಯ, ಬಾಲದ ಸಮೇತ. ಮರಳಿ ತರುವ ವ್ಯವಸ್ಥೆ ಇಲ್ಲ.

ಮೂರು ಸಲ ಓದಿದನಂತೆ. ಆಮೇಲೆ ಬಸ್ಸಿಗೆ ಕಾಯಲಿಲ್ಲ. ಬ್ಯಾಟರಿಯನ್ನು ಅಲ್ಲೇ ಬಿಟ್ಟು, ಹನ್ನೆರಡು ಮೈಲು ನಡೆದು, ಮಧ್ಯಾಹ್ನದ ಬಿಸಿಲಲ್ಲಿ ನೇರ ನನ್ನ ಕಚೇರಿಗೆ ಬಂದ. ಮೊಣಕಾಲತನಕ ಕರಿಮಣ್ಣಿನ ಧೂಳು.

"ಅಯ್ಯಾರ, ನಾ ಕೇಳದ ಮಾತ ಹೇಳೇನ್ರಿ. ಆ ನಾಯಿಗೆ ಹಗ್ಗಾನ ಇಲ್ರಿ."

ನಾನು ಸಮಾಧಾನ ಹೇಳಿದೆ. ಸಮಾಧಾನ ಅನ್ನುವುದು ನನ್ನ ಮರ್ಯಾದೆಗೆ, ನಿಜವೆಂದರೆ ಹೆದರಿಸಿದೆ. ಚೇರ್ಮನ್ ಅಮರಪ್ಪನಿಗೆ ಆ ಜಾಗದಲ್ಲಿ ತನ್ನ ಅಳಿಯನನ್ನು ಕೂಡಿಸುವ ಆಸೆ ಮೊದಲಿನಿಂದ ಇತ್ತು. ಹೊರಗಿನ ಓಣಿಯವನು ಕಟ್ಟೆಯ ಮೇಲೆ ಎತ್ತರಕ್ಕೆ ನಿಂತು ಮಾತಾಡುವುದು, ಉಳಿದವರು ಕೆಳಗೆ ಕೂತು ಕೇಳುವುದು ಅವನಿಗೆ ಸೇರುತ್ತಿರಲಿಲ್ಲ.

"ಸುಮ್ಮನ ಇರಲೇ. ನಾಲ್ಕ ದಿನ ಆದರ ಮಂದಿ ನಾಯೀನ ಮರೀತಾರ. ನೀ ಬಾಯಿ ಬಿಟ್ಟಿ ಅಂದ್ರ ನಿನ್ನ ಕಟ್ಟಿ ಹೋಗ್ತದ, ರೇಡಿಯೋ ಹೋಗ್ತದ, ತಿಳೀತೇನ?"

"ತಿಳೀತ್ರಿ. ಆದರ ಅವರು ಇನ್ನೂ ಮ್ಯಾಲ ನೋಡಾಕತ್ತಾರಲ್ರಿ. ನಾ ಹೇಳಿದ್ದಕ್ಕ ನೋಡಾಕತ್ತಾರ."

ಅಷ್ಟು ಹೇಳಿ ಬಾಗಿಲಿಗೂ ಮೇಜಿಗೂ ನಾಲ್ಕು ಸಲ ಅಡ್ಡಾಡಿದ. ನನ್ನ ತಲೆ ತಿರುಗಿತು. "ಕೂಡಲೇ ಒಂದ ಕಡೆ!" ಎಂದು ಗದರಿದೆ. ಕೂಡಲಿಲ್ಲ.

ಸಂಜೆ ಹೇಳಿಯೇ ಬಿಟ್ಟ. ಬ್ಯಾಟರಿಯಿಲ್ಲದ ರೇಡಿಯೋದ ಪಕ್ಕ ನಿಂತು, ತಾನು ಅರ್ಧವೇ ಕೇಳಿದ್ದು, ಉಳಿದರ್ಧ ತಾನೇ ಸೇರಿಸಿದ್ದು, ನಾಯಿ ಬರುವುದಿಲ್ಲ ಎಂಬುದು, ಎಲ್ಲ. ಹೆಣ್ಣುಮಕ್ಕಳ ಕಡೆಯಿಂದ "ಅಯ್ಯ ಶಿವನ" ಅನ್ನುವುದು ಕೇಳಿತು. ಮೊದಲು ಎದ್ದವನು ಮಲ್ಲಿಕಸಾಬ. ಅಲ್ಲೇ ನಾವಲಿಗನನ್ನು ಕರೆಸಿ ಕೂತು ಮೀಸೆ ತೆಗೆಸಿಕೊಂಡ. ಬೋಳು ಮುಖ ಒರೆಸಿಕೊಂಡು, "ಮೀಸಿ ನಂದ ಹೋತು. ಮಾತು ಇವಂದ ಉಳೀತು" ಎಂದ. ಶಂಕರೆಪ್ಪ ಗೆದ್ದಿದ್ದರೂ ನಗಲಿಲ್ಲ.

ಅಮರಪ್ಪ ಮಾತ್ರ ಬಿಡಲಿಲ್ಲ, ಆ ರಾತ್ರಿಯೇ ಕಚೇರಿಯಲ್ಲಿ ಸಭೆ ಕೂಡಿಸಿ ಪರಸಪ್ಪನನ್ನು ಕೇಳಿದ. "ಹಿಂಗ ಇನ್ನ ಎಷ್ಟ ಸುದ್ದಿ ನೀನ ಮುಗಿಸಿ ಹೇಳೀದಿ? ಬ್ಯಾಟರಿ ಸಾಯೂತನಕ ಏನ ಮಾಡಾಕತ್ತಿದ್ದಿ? ಅದನ್ನ ನೋಡ್ಕೊಳ್ಳೂದು ಯಾರ ಕೆಲಸ?"

ಪರಸಪ್ಪ ನನ್ನ ಕಡೆ ನೋಡಿದ. ಒಂದೇ ಸಲ. ಎರಡು ಸಲ ಬಂದು ಚೀಟಿ ಕೇಳಿದ್ದೆ ಅನ್ನಬಹುದಿತ್ತು, ಅನ್ನಲಿಲ್ಲ. ನಾನು ಹೇಳುತ್ತೇನೆಂದು ಕಾದ. ನಾನು ಮಸಿಕುಡಿಕೆ ನೋಡುತ್ತ ಕೂತೆ. ನನಗೂ ನೌಕರಿ ಇತ್ತು, ಅಮರಪ್ಪನ ಭಯ ಇತ್ತು, ಮತ್ತು ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಅವನು ಪರ್ಶ್ಯಾ ತಾನೇ ಎಂಬುದೂ ಇತ್ತು. ಮರುದಿನ ಠರಾವು ಬರೆದೆ. ಬ್ಯಾಟರಿ ನಿಗಾ ಮಾಡದ್ದಕ್ಕೆ, ಕೇಳದ ಸುದ್ದಿ ಹೇಳಿದ್ದಕ್ಕೆ ಅವನನ್ನು ತೆಗೆದು ಹಾಕಲಾಗಿದೆ. ಅಕ್ಷರ ದುಂಡಗೆ ಬಂದಿವೆ. ಪರಸಪ್ಪ ವಿಜಾಪುರದಿಂದ ಚಾರ್ಜಾದ ಬ್ಯಾಟರಿಯನ್ನು ಕೊನೆಯ ಸಲ ಹೊತ್ತು ತಂದು ಕಟ್ಟೆಯ ಕೆಳಗಿಟ್ಟು ಹೋದ.

ಅಲ್ಲಿಂದ ಅವನು ಮತ್ತೆ ಬಾವಿಗೆ ಇಳಿದ. ತಮ್ಮ ಹಣಮಂತ ಮೇಲೆ ಹಗ್ಗ ಹಿಡಿಯುವವನು, ಇವನು ಕೆಳಗೆ ಕಲ್ಲು ಒಡೆಯುವವನು. ನಿಡೋಣಿ, ಹೊನವಾಡ, ಬಬಲೇಶ್ವರದ ಸುತ್ತಲಿನ ಹೊಲಗಳಲ್ಲಿ ಅವನು ತೋಡಿದ ಬಾವಿಗಳ ನೀರು ಇಂದಿಗೂ ಹರಿಯುತ್ತಿದೆ. ಸಂಜೆ ಊರಲ್ಲಿದ್ದರೆ ಕಟ್ಟೆಯ ಕೆಳಗೆ ಬಂದು ನಿಲ್ಲುತ್ತಿದ್ದ. ಅಮರಪ್ಪನ ಅಳಿಯ ರೇಡಿಯೋ ಹಚ್ಚಿ ಬೀಡಿ ಸೇದುತ್ತ ಕೂಡುತ್ತಿದ್ದ, ತಿಳಿಸಿ ಹೇಳುವ ಗೊಡವೆಗೆ ಹೋಗುತ್ತಿರಲಿಲ್ಲ. ಮಂದಿ ಮೆಲ್ಲಗೆ ಪರಸಪ್ಪನನ್ನೇ ಕೇಳುವರು, "ಏನಂದ್ರೋ?" ಅವನು, "ಪೂರಾ ಕೇಳಿಲ್ರಿ" ಅನ್ನುವನು. ಯಾವುದು ಕೇಳಿದರೂ ಅದೇ ಮಾತು. ಮಳೆ ಬರುತ್ತದೇನೋ ಎಂದರೂ ಪೂರಾ ಕೇಳಿಲ್ರಿ. ಊರು ಅವನಿಗೆ ಅದನ್ನೇ ಅಡ್ಡಹೆಸರು ಮಾಡಿತು. ನಾನೂ ಮಂದಿಯ ಜೊತೆ ಹಲ್ಲು ಕಿಸಿದಿದ್ದೇನೆ. ಒಳಗೆ ಮಾತ್ರ ಚುರ್ ಅನ್ನುತ್ತಿತ್ತು.

ಅರವತ್ತರಲ್ಲಿ ರಶಿಯಾದವರು ಕಳಿಸಿದ ಎರಡು ನಾಯಿಗಳು ತಿರುಗಿ ಬಂದವು. ಅರವತ್ತೊಂದರಲ್ಲಿ ಮನುಷ್ಯನೇ ಹೋಗಿ ಬಂದ. ಮಲ್ಲಿಕಸಾಬ ಊರಿಗೆಲ್ಲ ಸಕ್ಕರೆ ಹಂಚಿ, ಬೆಳೆದು ನಿಂತಿದ್ದ ಹೊಸ ಮೀಸೆ ತಿರುವಿದ. ಶಂಕರೆಪ್ಪ, ಅಮೆರಿಕ ಇನ್ನೂ ತೋಳು ಏರಿಸಿಲ್ಲ, ಏರಿಸಿದರೆ ಚಂದ್ರನನ್ನೇ ಮುಟ್ಟುತ್ತದೆ ಎಂದ. ಅವನ ಬಾಯಲ್ಲಿ ಬಂದ ಮಾತು ಎಂಟು ವರ್ಷಕ್ಕೆ ನಿಜವಾಯಿತು.

ಅರವತ್ತೊಂಬತ್ತರ ಜುಲೈ. ಮನೆಮನೆಗೆ ಅಲ್ಲದಿದ್ದರೂ ಓಣಿಗೆರಡರಂತೆ ಟ್ರಾನ್ಸಿಸ್ಟರ್ ಬಂದಿದ್ದವು. ನನ್ನ ಹತ್ತಿರವೂ ಒಂದಿತ್ತು. ಚಂದ್ರನ ಮೇಲೆ ಇಬ್ಬರು ಇಳಿದಿದ್ದಾರೆಂಬ ಸುದ್ದಿ ಬಂದ ದಿನ ಶಂಕರೆಪ್ಪ ಪೇಢೆ ಹಂಚಿದ. ಆ ಸಂಜೆ ಪರಸಪ್ಪ ನನ್ನ ಮನೆಯ ಬಾಗಿಲಿಗೆ ಬಂದು ನಿಂತ. ಹನ್ನೆರಡು ವರ್ಷದಲ್ಲಿ ಅವನಾಗಿಯೇ ಬಂದದ್ದು ಅದೇ ಮೊದಲು. ಕೂದಲು ಬೆಳ್ಳಗಾಗಿದ್ದವು. ಕಾಲು ಮಾತ್ರ ಮೊದಲಿನಂತೆಯೇ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಇಳದಾರಂತಲ್ರಿ. ಮ್ಯಾಲ ಏರೂದಕ್ಕ ಏನೈತ್ರಿ?"

ನಾನು ಪೇಪರು ತೆಗೆದು ಓದಿ ಹೇಳಿದೆ. ಚಂದ್ರನಿಂದ ಏಳಲು ಒಂದು ಇಂಜಿನ್ ಇದೆ. ಅದು ಕೈಕೊಟ್ಟರೆ ಬೇರೆ ದಾರಿಯಿಲ್ಲ.

"ಒಂದ ಹಗ್ಗರಿ?" ಎಂದ. ಮುಖ ಸಣ್ಣದಾಯಿತು. "ನಮ್ಮ ಓಣಿ ಹುಡುಗ್ರ ಕೈಯಾಗಿನ ರೇಡಿಯೋ ನಂಬಂಗಿಲ್ರಿ. ಅರ್ಧ ಕೇಳಿ ಓಡ್ತಾರ. ನೀವು ಪೂರಾ ಕೇಳ್ರಿ ಅಯ್ಯಾರ. ವಾಕ್ಯ ಮುಗಿಯೂತನಕ ಕೇಳಿ, ಆಮ್ಯಾಲ ನನಗ ಹೇಳ್ರಿ."

ಆ ವರ್ಷ ಮಳೆ ತಡವಾಗಿತ್ತು. ಶಂಕರೆಪ್ಪ ದ್ರಾಕ್ಷಿ ಹಚ್ಚುವ ಹುಕಿಯಲ್ಲಿ ಹೊನವಾಡದ ದಾರಿಯ ಹೊಲದಲ್ಲಿ ಬಾವಿ ತೋಡಿಸುತ್ತಿದ್ದ. ಪರಸಪ್ಪ ಅಲ್ಲೇ ಕೆಲಸಕ್ಕಿದ್ದ. ಮರುದಿನ ಅವರು ಚಂದ್ರನಿಂದ ಮೇಲೆದ್ದ ಸುದ್ದಿ ಹೇಳಿಕಳಿಸಿದೆ. "ದಂಡಿ ಮುಟ್ಟಿಲ್ಲಲ್ಲ ಇನ್ನ" ಎಂದನಂತೆ. ಸುತ್ತಿಗೆಯ ಏಟು ಹೆಬ್ಬೆರಳಿಗೆ ಹಾಕಿಕೊಂಡ. ರೊಟ್ಟಿ ಗಂಟು ಬಿಚ್ಚದೆ ಮನೆಗೆ ಒಯ್ದ. ಸೀತವ್ವ ನನ್ನ ಹೆಂಡತಿಯ ಹತ್ತಿರ ಬಂದು, "ಅದೇನ ಹುಚ್ಚೋ ಅಕ್ಕಾರ, ಅಮೆರಿಕದಾಗ ಇವಂದ ಏನ ಬೀಗತನ ಐತಿ?" ಎಂದು ಅತ್ತಳು. ನನಗೂ ಉಂಡ ಅನ್ನ ಮೈಗೆ ಹತ್ತಲಿಲ್ಲ. ಒಬ್ಬ ಮನುಷ್ಯ ನನ್ನನ್ನು ನಂಬಿ ಒಂದು ಕೆಲಸ ಹೇಳಿದ್ದ. ಹಿಂದೊಮ್ಮೆ ಬರೀ ಒಂದು ಚೀಟಿ ಕೇಳಿದ್ದ, ಅದನ್ನೂ ಮಾಡಿರಲಿಲ್ಲ.

ಇಪ್ಪತ್ತೈದನೆಯ ತಾರೀಖು ಬೆಳಿಗ್ಗೆ ವಾರ್ತೆ ಬಂತು. ಹೊಸ ಸೆಲ್ಲು ಹಾಕಿ, ಪೆಟ್ಟಿಗೆಯನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ. ಚಹಾ ತಂದ ಹೆಂಡತಿಗೆ ಕೈಯಿಂದಲೇ ದೂರ ಹೋಗೆಂದೆ. ಚಂದ್ರನಿಗೆ ಇಳಿಯದೆ ಮೇಲೆ ಸುತ್ತುತ್ತಿದ್ದವನೂ ಸೇರಿ ಮೂವರೂ ಸಮುದ್ರದಲ್ಲಿ ಸುರಕ್ಷಿತವಾಗಿ ಬಂದು ಇಳಿದಿದ್ದಾರೆ. ಇಳಿದಿದ್ದಾರೆ ಅನ್ನುವುದು ಕಿವಿಗೆ ಬೀಳುವತನಕ ನಾನು ಕದಲಲಿಲ್ಲ.

ಆಮೇಲೆ ಓಡಿದೆ. ಐವತ್ತರ ಹತ್ತಿರದ ಜಂಗಮ ಧೋತರ ಎತ್ತಿ ಹೊನವಾಡದ ದಾರಿ ಹಿಡಿದು ಓಡುವುದನ್ನು ನೋಡಿ ಹೊಲದ ಮಂದಿ ಯಾರೋ ಸತ್ತರೆಂದುಕೊಂಡರು. ಬಾವಿಯ ದಂಡೆಯಲ್ಲಿ ಹಣಮಂತ ಹಗ್ಗ ಹಿಡಿದು ನಿಂತಿದ್ದ, ಶಂಕರೆಪ್ಪ ಛತ್ರಿ ಹಿಡಿದು ನಿಂತಿದ್ದ, ಮಣ್ಣು ಹೊರುವ ಏಳೆಂಟು ಆಳುಗಳಿದ್ದರು. ನಾನು ಬಗ್ಗಿ ಕೂಗಿದೆ.

"ಬಂದಾರ! ಮೂರೂ ಮಂದಿ ಬಂದಾರ!"

ಕೆಳಗೆ ಸುತ್ತಿಗೆ ನಿಂತಿತು. ಆಳದಿಂದ ದನಿ ಬಂತು.

"ಕೇಳಿ ಹೇಳಾಕತ್ತೀರೋ ಅಯ್ಯಾರ, ಇಲ್ಲಾ ನೀವ ಮುಗಿಸಿ ಹೇಳಾಕತ್ತೀರೋ?"

ಶಂಕರೆಪ್ಪ ನಕ್ಕ. ನನಗೆ ನಗು ಬರಲಿಲ್ಲ. ಆ ಮಾತು ನೇರ ಹೋಗಿ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. "ಪೂರಾ ಕೇಳಿ ಹೇಳಾಕತ್ತೇನಿ" ಎಂದೆ. ಎಂದವನಿಗೆ ಸುಮ್ಮನಾಗಲು ಆಗಲಿಲ್ಲ. ಹನ್ನೆರಡು ವರ್ಷ ಅರ್ಧಕ್ಕೇ ನಿಂತಿದ್ದ ನನ್ನದೊಂದು ವಾಕ್ಯ ಗಂಟಲಿಗೆ ಬಂದಿತ್ತು.

"ಆವತ್ತ ಬ್ಯಾಟರಿ ಸತ್ತದ್ದು ನನ್ನಿಂದ, ಪರಸಪ್ಪ. ನೀ ಎರಡ ಸಲ ಚೀಟಿ ಕೇಳಿದ್ದಿ. ನಾ ಬರಕೊಡಲಿಲ್ಲ."

ಹಣಮಂತ ನನ್ನ ಮುಖ ನೋಡಿದ. ಶಂಕರೆಪ್ಪನ ಛತ್ರಿ ವಾಲಿತು.

"ಕೇಳಸ್ಲಿಲ್ರಿ" ಎಂದ ಪರಸಪ್ಪ ಕೆಳಗಿನಿಂದ. "ಜೋರಾಗಿ ಹೇಳ್ರಿ."

ಅವನಿಗೆ ಕೇಳಿಸಿತ್ತು. ಆ ಬಾವಿಯಲ್ಲಿ ಪಿಸುಗುಟ್ಟಿದರೂ ಗುಮ್ಮಟದಲ್ಲಿ ಕೂಗಿದ ಹಾಗೆ ಕೇಳುತ್ತಿತ್ತು. ನಾನು ಎದೆ ತುಂಬ ಉಸಿರು ತೆಗೆದುಕೊಂಡು, ಪಕ್ಕದ ಹೊಲದವರೂ ತಲೆ ಎತ್ತಿ ನೋಡುವಂತೆ ಕೂಗಿ ಹೇಳಿದೆ. ಚೀಟಿ ಬರೆಯದ್ದು, ಬಬಲೇಶ್ವರದಲ್ಲಿ ಎಂಟು ದಿನ ಕೂತದ್ದು, ಸಭೆಯಲ್ಲಿ ಬಾಯಿ ಮುಚ್ಚಿಕೊಂಡದ್ದು, ಠರಾವು ಬರೆದದ್ದು, ಎಲ್ಲ.

ಕೆಳಗೆ ಬುಟ್ಟಿ ಸರಿಸಿದ ಸದ್ದಾಯಿತು. ಆಮೇಲೆ ಅವನ ಪ್ರಶ್ನೆ ಬಂತು.

"ಹಗ್ಗ?"

ಹಣಮಂತ ಬಾಯಿ ತೆರೆಯುವಷ್ಟರಲ್ಲಿ ನಾನು ಅವನ ಕೈಯಿಂದ ಹಗ್ಗ ತೆಗೆದುಕೊಂಡೆ. ಹಸಿ ಮಣ್ಣು ಮೆತ್ತಿದ ದಪ್ಪ ಹಗ್ಗ.

"ಕೈಯಾಗೈತಿ, ಪರಸಪ್ಪ" ಎಂದೆ.

ಹಗ್ಗ ಬಿಗಿಯಿತು. ಹಣಮಂತ ಹಿಂದಿನಿಂದ ತಾನೂ ಹಿಡಿದ. ಹಿಡಿಯಲಿ ಬಿಡು ಅಂದುಕೊಂಡೆ, ನನ್ನೊಬ್ಬನ ಕೈಲಿ ಆಗುವ ಭಾರ ಅದಾಗಿರಲಿಲ್ಲ.